ನಡುಗದ ಗೆರೆ

ಎದುರಿಗೆ ಎಲ್ಲರೂ ಅವಳನ್ನು ಮೇಡಂ ಅನ್ನುತ್ತಾರೆ. ಬೆನ್ನು ತಿರುಗಿಸಿದಳೋ, ಯಾಕಮ್ಮ. ಅವಳಿಗೂ ಅದು ಗೊತ್ತು, ಬೇಜಾರಂತೂ ಇಲ್ಲ. ಮಾತು ಕಲಿತಾಗಿನಿಂದ ಅದೊಂದೇ ಪ್ರಶ್ನೆ ಹಿಡಿದುಕೊಂಡು ಊರೆಲ್ಲಾ ಸುತ್ತಿದವಳಿಗೆ ಇನ್ನೇನಂತ ಹೆಸರಿಡೋಕಾಗುತ್ತೆ, ನೀವೇ ಹೇಳಿ. ಮಳೆ ಯಾಕೆ, ಬಿಸಿಲು ಯಾಕೆ ಅಂತ ಎಲ್ಲ ಮಕ್ಕಳೂ ಕೇಳುತ್ತವೆ. ಸ್ವಲ್ಪ ದೊಡ್ಡವರಾದ ಮೇಲೆ ಬುದ್ಧಿ ಬಂದು ಬಾಯಿ ಮುಚ್ಚುತ್ತವೆ. ಇವಳಿಗೆ ಆ ಬುದ್ಧಿ ಬರಲೇ ಇಲ್ಲ.

ಅವಳ ಅಪ್ಪ ಒಂದು ಎತ್ತರದ ಕಟ್ಟಡದಲ್ಲಿ ಲಿಫ್ಟ್ ನೋಡಿಕೊಳ್ಳುತ್ತಿದ್ದ. ಶಾಲೆ ಬಿಟ್ಟರೆ ಇವಳು ನೇರ ಅಲ್ಲಿಗೆ. ಲಿಫ್ಟಿನ ಗೋಡೆಗೆ ಅಂಗೈ ಒತ್ತಿಕೊಂಡು ಮೇಲೆ ಕೆಳಗೆ ಓಡಾಡುವುದೇ ಆಟ. "ಅಪ್ಪಾ, ನಾಲ್ಕನೇ ಮಹಡಿ ದಾಟುವಾಗ ಮಾತ್ರ ಯಾಕೆ ಜುಂ ಅನ್ನುತ್ತೆ?" ಅಪ್ಪನಿಗೆ ಎಲ್ಲಿ ಗೊತ್ತು? "ಅದರ ಸ್ವಭಾವ ಕಣಮ್ಮಾ" ಅಂದ. ಕಬ್ಬಿಣದ ಪೆಟ್ಟಿಗೆಗೆ ಎಂಥ ಸ್ವಭಾವ? ಆ ಉತ್ತರ ಅವಳಿಗೆ ಒಂಚೂರೂ ರುಚಿಸಲಿಲ್ಲ. ರಿಪೇರಿಯವನು ಬಂದ ದಿನ ಅವನ ಬೆನ್ನು ಬಿಡದೆ ನಿಂತು, ಅವನ ತಲೆ ತಿಂದು ತಿಂದು, ಕೊನೆಗೂ ಕಂಡುಹಿಡಿದಳು: ಅಲ್ಲಿ ಲಿಫ್ಟು ಓಡುವ ಹಳಿ ಹಿಡಿದಿದ್ದ ಒಂದು ಬೋಲ್ಟು ಸಡಿಲವಾಗಿತ್ತು. ಅಷ್ಟೇ. ಆದರೆ ಜುಂ ಅನ್ನುವುದಕ್ಕೂ ಒಂದು ಕಾರಣ ಇರುತ್ತೆ, ಹುಡುಕಿದರೆ ಅದು ಕೈಗೆ ಸಿಗುತ್ತೆ ಅಂತ ಗೊತ್ತಾಗಿಬಿಟ್ಟ ಮೇಲೆ ಆ ಹುಡುಗಿ ಸಿವಿಲ್ ಇಂಜಿನಿಯರಿಂಗ್ ಬಿಟ್ಟು ಬೇರೇನು ಓದಿಯಾಳು?

ಗಂಡ ಸಿಕ್ಕಿದ್ದೂ ಇದೇ ಚಟದಿಂದ. ಅವನು ಸಿಟಿ ಬಸ್ಸಿನ ಡ್ರೈವರ್. ಇವಳು ದಿನಾ ಆ ಬಸ್ಸಿನಲ್ಲೇ ಕೆಲಸಕ್ಕೆ ಹೋಗುತ್ತಿದ್ದಳು, ಅದೂ ಡ್ರೈವರ್ ಹಿಂದಿನ ಸೀಟೇ ಆಗಬೇಕು. "ಎರಡನೇ ಗೇರಲ್ಲಿ ಮಾತ್ರ ಯಾಕ್ರೀ ಬಸ್ಸು ಹೀಗೆ ನಡುಗುತ್ತೆ?" ಅಂತ ಕೇಳಿದಳು ಒಂದು ದಿನ. ಅವನು ಕನ್ನಡಿಯಲ್ಲಿ ನೋಡಿ, "ಡ್ರೈವರ್ ಜೊತೆ ಮಾತಾಡಬಾರದು ಅಂತ ಬೋರ್ಡಿದೆ, ಕಾಣಿಸ್ತಾ?" ಅಂದ. "ಯಾಕೆ ಮಾತಾಡಬಾರದು?" ಅಂದಳು ಇವಳು. ಬಸ್ಸಿಗೆ ಬಸ್ಸೇ ನಕ್ಕಿತು. ಇನ್ನೊಂದು ದಿನ ಅವನು, "ನಿಮಗೆ ಉತ್ತರ ಹೇಳ್ತಾ ಕೂತ್ರೆ ಒಂದು ಜನ್ಮ ಸಾಲಲ್ಲ ಮಾರಾಯ್ತಿ" ಅಂದ. "ಶುರು ಮಾಡಿ, ಎಷ್ಟಾಗುತ್ತೋ ಅಷ್ಟಾಗ್ಲಿ" ಅಂದಳು. ಶುರುವಾಯಿತು. ಈಗ ಮನೆಯಲ್ಲಿ ಅವನು, ಇವಳು, ಅವನ ತಾಯಿ, ಆ ತಾಯಿಯ ಮಂಡಿ ನೋವು, ಇಷ್ಟು ಜನ.

ಇವಳ ಕೆಲಸ ಏನು ಅಂತ ಅತ್ತೆಗೆ ಅರ್ಥ ಮಾಡಿಸುವಷ್ಟರಲ್ಲಿ ಸಾಕುಬೇಕಾಗಿತ್ತು. ಊರಿನ ನಡುವೆ ಹೊಳೆ, ಹೊಳೆಗೊಂದು ಉದ್ದ ಸೇತುವೆ. ಆ ಸೇತುವೆಯ ಮೈಮೇಲೆ ಅಲ್ಲಲ್ಲಿ ಸೆನ್ಸರ್ ಅಂಟಿಸಿದ್ದಾರೆ. ಒಂದು ಬಿಸಿ ನೋಡುತ್ತೆ, ಒಂದು ನಡುಕ ನೋಡುತ್ತೆ, ಒಂದು ಕಂಬ ವಾಲಿತಾ ಅಂತ ನೋಡುತ್ತೆ. ಎಲ್ಲದರಿಂದಲೂ ವೈರು ಬಂದು ಸೇತುವೆಯ ಬುಡದಲ್ಲಿರುವ ಆಫೀಸಿನ ಕಂಪ್ಯೂಟರಿಗೆ ಸೇರುತ್ತೆ. ಅಲ್ಲಿ ಪರದೆಯ ಮೇಲೆ ಗೆರೆಗೆರೆಯಾಗಿ ಓಡುತ್ತೆ. ಆ ಗೆರೆಗಳನ್ನು ನೋಡಿ ಸೇತುವೆ ಹೇಗಿದೆ ಅಂತ ಹೇಳುವುದು ಇವಳ ಕೆಲಸ. "ಡಾಕ್ಟರು ಸ್ಟೆತಾಸ್ಕೋಪ್ ಇಡ್ತಾರಲ್ಲ ಅತ್ತೆ, ಅದನ್ನ ತೆಗೀದೇ ಹಾಗೇ ಬಿಟ್ಟುಬಿಟ್ಟ ಹಾಗೆ" ಅಂದಳು. ಅತ್ತೆ ಕಣ್ಣು ಕಿರಿದು ಮಾಡಿ, "ಕಾಂಕ್ರೀಟಿಗೆ ಜ್ವರ ನೋಡೋಕೆ ಸಂಬಳ ಕೊಡ್ತಾರಾ? ನನ್ನ ಮಂಡಿಗೂ ಒಂದು ಅಂಟಿಸೇ, ನಿನ್ನ ಗಂಡನಿಗೆ ಕಾಣಿಸ್ಲಿ ಎಷ್ಟು ನೋವಿದೆ ಅಂತ" ಅಂದಳು.

ಇಷ್ಟು ಪೀಠಿಕೆ ಸಾಕು. ಈಗ ಆ ಶುಕ್ರವಾರಕ್ಕೆ ಬರೋಣ.

ಹೊಳೆಯಾಚೆ ದೊಡ್ಡ ಗೋದಾಮೊಂದು ಎದ್ದಿತ್ತು. ಅಲ್ಲಿಗೆ ಹೋಗುವ ಭಾರದ ಲಾರಿಗಳೆಲ್ಲ ಇಷ್ಟು ದಿನ ಊರು ಸುತ್ತಿಕೊಂಡು ಹೋಗುತ್ತಿದ್ದವು. ಸೋಮವಾರದಿಂದ ಅವನ್ನು ಸೇತುವೆ ಮೇಲೆ ಬಿಡಬೇಕು ಅಂತ ಮೇಲಿನವರು ತೀರ್ಮಾನ ಮಾಡಿದ್ದರು. ಆದರೆ ಅದಕ್ಕೆ ಮೊದಲು ಒಬ್ಬರು ಬರೆದುಕೊಡಬೇಕಲ್ಲ, ಸೇತುವೆ ಗಟ್ಟಿಮುಟ್ಟಾಗಿದೆ, ಈ ಭಾರ ತಡೆಯುತ್ತದೆ ಅಂತ? ಆ ಒಬ್ಬರು ಯಾಕಮ್ಮ. ಕಾಗದ ಬೆಳಿಗ್ಗೆಯೇ ಅವಳ ಮೇಜಿನ ಮೇಲಿತ್ತು. ಸಂಜೆಯೊಳಗೆ ಸಹಿ ಬೇಕು ಅಂತ ಸಾಹೇಬರು, ಅಂದರೆ ಅವಳ ಮೇಲಿನ ಚೀಫ್ ಇಂಜಿನಿಯರು, ಎರಡು ಸಲ ಫೋನ್ ಮಾಡಿ ಆಗಿತ್ತು.

ಅವಳು ಪೆನ್ನಿನ ಮುಚ್ಚಳ ತೆಗೆದಳು. ಸುಮ್ಮನೆ ಸಹಿ ಹಾಕಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು, ಬಹುಶಃ ಸೇತುವೆಯ ಕಥೆಯೂ. ಆದರೆ ಪರದೆಯ ಮೂಲೆಯಲ್ಲಿ ಒಂದು ಗೆರೆ ಅವಳ ತಲೆಗೆ ಹುಳ ಬಿಟ್ಟಿತು.

ಅದು ಮೂರನೇ ಕಂಬ ವಾಲುವುದನ್ನು ನೋಡುವ ಸೆನ್ಸರಿನ ಗೆರೆ. ಆ ಕಂಬ ದಿನಾ ಮಧ್ಯಾಹ್ನ ಒಂದು ಕೂದಲೆಳೆಯಷ್ಟು ಹೊಳೆಯ ಕಡೆ ವಾಲುತ್ತಿತ್ತು, ರಾತ್ರಿ ವಾಪಸ್ಸು ಬರುತ್ತಿತ್ತು. ಮಿತಿಯೊಳಗೇ ಇತ್ತು. ಬಣ್ಣ ಹಸಿರು. ಕಂಪ್ಯೂಟರ್ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಆದರೆ ಚಳಿಗಾಲದ ಗೆರೆ ತೆಗೆದು ಪಕ್ಕದಲ್ಲಿಟ್ಟರೆ, ಬಿಸಿಲು ಏರಿದ ಹಾಗೆಲ್ಲ ವಾಲುವುದೂ ಏರಿದೆ.

"ಯಾಕೆ?" ಅಂದಳು ಗಟ್ಟಿಯಾಗಿ.

"ಆಯ್ತು ಮೇಡಂ" ಅಂದ ಪಕ್ಕದ ಮೇಜಿನವನು, ತಲೆ ಎತ್ತದೆ. ಇವನು ಅವಳ ಸಹಾಯಕ ಇಂಜಿನಿಯರು. ಏನು ಹೇಳಿದರೂ ಆಯ್ತು ಅನ್ನುತ್ತಾನೆ, ಆಗುವುದು ಮಾತ್ರ ಏನೂ ಇಲ್ಲ. ಹಾಗಾಗಿ ಆಫೀಸಿನವರು ಅವನಿಗಿಟ್ಟ ಹೆಸರು ಆಯ್ತಪ್ಪ. ಒಳ್ಳೆಯ ಮನುಷ್ಯ, ಮೈಗಳ್ಳ ಅಷ್ಟೇ.

"ಏನ್ ಆಯ್ತು? ಇಲ್ಲಿ ಬಂದು ನೋಡಪ್ಪಾ. ಬಿಸಿಲಿಗೆ ಸೇತುವೆ ಉದ್ದ ಆಗುತ್ತೆ, ಹೌದಾ?"

"ಹೌದು ಮೇಡಂ. ಕಾದ್ರೆ ಹಿಗ್ಗುತ್ತೆ."

"ಹಿಗ್ಗಿದಾಗ ಕಂಬಕ್ಕೆ ನೋವಾಗಬಾರದು ಅಂತ ತಾನೇ ಕಂಬದ ತಲೆ ಮೇಲೆ ಬೇರಿಂಗ್ ಇಟ್ಟಿರೋದು? ಸೇತುವೆ ಅದರ ಮೇಲೆ ಆಚೆ ಈಚೆ ಜಾರಿಕೊಳ್ಳಲಿ ಅಂತ. ಬೇರಿಂಗ್ ಚೆನ್ನಾಗಿ ಜಾರ್ತಿದ್ರೆ ಕಂಬ ಯಾಕೆ ವಾಲ್ಬೇಕು?"

"ಬೇರಿಂಗ್ ಚೆನ್ನಾಗೇ ಜಾರ್ತಿದೆಯಲ್ಲ ಮೇಡಂ" ಅಂದ ಆಯ್ತಪ್ಪ, ಇನ್ನೊಂದು ಗೆರೆ ತೋರಿಸಿ. "ಇದನ್ನ ನೋಡಿ. ನಮ್ಮ ಹತ್ರ ಇರೋದ್ರಲ್ಲೇ ಚಂದದ ಗೆರೆ."

ಹೌದು, ಚಂದವೋ ಚಂದ. ಮೂರನೇ ಕಂಬದ ಬೇರಿಂಗ್ ಎಷ್ಟು ಜಾರಿತು ಅಂತ ತೋರಿಸುವ ಗೆರೆ ಅದು. ಬೆಳಿಗ್ಗೆ ಮೆಲ್ಲಗೆ ಏರಿ, ಮಧ್ಯಾಹ್ನ ತುದಿ ಮುಟ್ಟಿ, ಸಂಜೆ ನಯವಾಗಿ ಇಳಿಯುತ್ತಿತ್ತು. ಆಫೀಸಿಗೆ ದೊಡ್ಡ ಮನುಷ್ಯರು ಯಾರಾದರೂ ಬಂದರೆ ಸಾಹೇಬರು ಮೊದಲು ತೋರಿಸುತ್ತಿದ್ದುದೇ ಅದನ್ನು. ಯಾಕಮ್ಮನೂ ದಿನಾ ಬೆಳಿಗ್ಗೆ ಚೀಲ ಇಟ್ಟು ಕೂರುವ ಮೊದಲು ಅದನ್ನೊಂದು ಸಲ ನೋಡಿ ಮನಸ್ಸು ಹಗುರ ಮಾಡಿಕೊಳ್ಳುತ್ತಿದ್ದಳು.

ಒಂದು ಗೆರೆ ಕಂಬಕ್ಕೆ ನೋವಿದೆ ಅನ್ನುತ್ತಿದೆ, ಇನ್ನೊಂದು ಎಲ್ಲಾ ಸುಖವಾಗಿದೆ ಅನ್ನುತ್ತಿದೆ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿರಬೇಕು. ಯಾರು ಅಂತ ತಿಳಿಯುವ ಕುತೂಹಲಕ್ಕೆ ಅವಳ ಬೆರಳುಗಳು ತುರಿಸಿದವು. ಸಹಿ, ಸಾಹೇಬರು, ಸೋಮವಾರ, ಎಲ್ಲಾ ಮರೆತೇಹೋಯಿತು. ಕುರ್ಚಿ ಎಳೆದುಕೊಂಡು ಆ ಚಂದದ ಗೆರೆಯನ್ನು ಹಿಗ್ಗಿಸಿದಳು. ಇಡೀ ದಿನದ್ದು ಬೇಡ, ಒಂದು ಗಂಟೆಯದ್ದು. ಒಂದು ಗಂಟೆಯದ್ದೂ ಬೇಡ, ಒಂದು ನಿಮಿಷದ್ದು.

ಬೇರೆ ಸೆನ್ಸರುಗಳನ್ನು ಹೀಗೆ ಹತ್ತಿರದಿಂದ ನೋಡಿದರೆ ಗೆರೆ ಸುಮ್ಮನಿರುವುದಿಲ್ಲ. ಕಾರು ಹೋದರೆ ಸಣ್ಣ ಕಂಪನ, ಬಸ್ಸು ಹೋದರೆ ಇನ್ನೂ ಜೋರು. ಗಂಡನ ಬಸ್ಸು ದಾಟುವ ಹೊತ್ತಿಗೆ ಒಂದು ಮುಳ್ಳು ಎದ್ದೇ ಏಳುತ್ತಿತ್ತು. ಇದರಲ್ಲಿ? ಏನೂ ಇಲ್ಲ. ಹಿಗ್ಗಿಸಿದಷ್ಟೂ ನಯ. ಬಸ್ಸು ಹೋದರೂ ನಡುಗಲಿಲ್ಲ, ಗಾಳಿ ಬೀಸಿದರೂ ನಡುಗಲಿಲ್ಲ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಒಳಗಿನ ಕೋಣೆಯಿಂದ ಬಹಳ ಹೊತ್ತು ಸದ್ದೇ ಬರದಿದ್ದರೆ ಯಾವ ತಾಯಿ ತಾನೇ ಎದ್ದು ಹೋಗಿ ನೋಡುವುದಿಲ್ಲ?

"ಇದು ಯಾಕೆ ನಡುಗಲ್ಲ?" ಅಂದಳು. ಅಂದ ಕ್ಷಣವೇ ಉತ್ತರವೂ ಹೊಳೆಯಿತು.

ಯಾಕೆಂದರೆ ಅದು ಸೆನ್ಸರಿನ ಗೆರೆಯೇ ಅಲ್ಲ.

ಏನಾಗಿತ್ತು ಅಂದರೆ, ಹಿಂದಿನ ವರ್ಷ ಮಳೆಗಾಲ ಮುಗಿದ ಮೇಲೆ ಸೇತುವೆಗೆ ಬಣ್ಣ ಹೊಡೆಯುವವರು ಬಂದಿದ್ದರು. ಅವರಲ್ಲಿ ಯಾರದೋ ಹಗ್ಗಕ್ಕೆ ಸಿಕ್ಕಿ ಆ ಬೇರಿಂಗಿನ ಸೆನ್ಸರ್ ಕಿತ್ತುಹೋಯಿತು. ಮುಖ್ಯವಾದ ಯಾವುದೇ ಸೆನ್ಸರಿನಿಂದ ಸುದ್ದಿ ಬರುವುದು ನಿಂತರೆ ಸೇತುವೆಯ ಎರಡೂ ತುದಿಯ ಸಿಗ್ನಲ್ ತಾನಾಗಿಯೇ ಕೆಂಪಾಗಬೇಕು ಅನ್ನುವುದು ನಿಯಮ. ಆಯಿತು ಕೆಂಪು. ಊರಿಗೆ ಊರೇ ರಸ್ತೆಯಲ್ಲಿ ಹಾರನ್ ಬಾರಿಸಿಕೊಂಡು ನಿಂತಿತು. ಸಾಹೇಬರಿಗೆ ಎಲ್ಲೆಲ್ಲಿಂದಲೋ ಫೋನು. ಅವರು ಇವಳಿಗೆ, "ಒಂದು ವೈರು ಕಿತ್ತುಹೋದ್ರೆ ಊರು ನಿಲ್ಸೋದೇನ್ರೀ? ಏನಾದ್ರೂ ಮಾಡ್ರೀ, ನಂಗೆ ಗ್ರಾಫಲ್ಲಿ ತೂತು ಕಾಣಬಾರದು" ಅಂತ ರೇಗಿದರು.

ಇವಳು ಒಂದು ತೇಪೆ ಹಾಕಿದಳು. ಇವತ್ತಿನ ಬಿಸಿಲಿಗೆ ಸೇತುವೆ ಎಷ್ಟು ಹಿಗ್ಗಬೇಕು ಅಂತ ಲೆಕ್ಕ ಹಾಕಿ, ಸೆನ್ಸರ್ ಇಲ್ಲದ ಕಡೆ ಆ ಲೆಕ್ಕವನ್ನೇ ತುಂಬಿಸುವ ಪುಟ್ಟ ಪ್ರೋಗ್ರಾಮು. ಅಚ್ಚುಕಟ್ಟಾಗಿ ಬರೆದಳು. ತಪ್ಪೇನಿರಲಿಲ್ಲ, ಹೊಸ ಸೆನ್ಸರ್ ಬರುವ ತನಕ ಮಾತ್ರ ತಾನೇ? ಹೊಸ ಸೆನ್ಸರ್ ಬಂತು ಕೂಡ. "ಹಾಕಿಸಪ್ಪಾ" ಅಂದಳು ಆಯ್ತಪ್ಪನಿಗೆ. "ಆಯ್ತು ಮೇಡಂ" ಅಂದ ಅವನು. ಮಾರನೇ ದಿನ ಪರದೆ ನೋಡಿದರೆ ಗೆರೆ ಚಂದವಾಗಿ ಓಡುತ್ತಿತ್ತು. ಹಾಕಿಸಿದ್ದಾನೆ ಅಂದುಕೊಂಡಳು. ಅವನೋ, ಗೆರೆ ಓಡುತ್ತಿದೆಯಲ್ಲ, ಮೇಡಮ್ಮೇ ಯಾರ ಕೈಲೋ ಹಾಕಿಸಿದ್ದಾರೆ ಅಂದುಕೊಂಡ.

"ಹೊಸ ಸೆನ್ಸರ್ ಎಲ್ಲಿ?" ಅಂತ ಕೇಳಿದಳು ಈಗ.

ಆಯ್ತಪ್ಪ ನಿಧಾನವಾಗಿ ತನ್ನ ಮೇಜಿನ ಕೆಳಗೆ ಬಗ್ಗಿ ನೋಡಿದ. ಒಳಗೇನಿದೆ ಅಂತ ನೋಡದೆ ಅವನು ಇಷ್ಟು ತಿಂಗಳೂ ಕಾಲಿಟ್ಟುಕೊಂಡು ಕೂರುತ್ತಿದ್ದ ರಟ್ಟಿನ ಪೆಟ್ಟಿಗೆ ಅದೇ. ಅಂಟಿಸಿದ ಟೇಪು ಕೂಡ ಬಿಚ್ಚಿರಲಿಲ್ಲ. ಅವನ ಚಪ್ಪಲಿಯ ಗುರುತು ಮಾತ್ರ ಮೇಲೆ ಅಚ್ಚೊತ್ತಿತ್ತು.

ಬೈಯಬೇಕು ಅನ್ನಿಸಿತು ಅವಳಿಗೆ. ಬೈಯಲಿಲ್ಲ. ಯಾವ ಮುಖ ಇಟ್ಟುಕೊಂಡು ಬೈಯುವುದು? ಲ್ಯಾಪ್‌ಟಾಪು, ಟಾರ್ಚು, ಒಂದು ಚಾಕ್‌ಪೀಸು ಚೀಲಕ್ಕೆ ತುರುಕಿಕೊಂಡು, "ನಡಿ, ನೋಡೋಣ" ಅಂದಳು. ಬೇರಿಂಗ್ ಚೆನ್ನಾಗಿಯೂ ಇರಬಹುದಲ್ಲ? ತಾನು ಊಹಿಸಿದ ಹಾಗೇ ಜಾರುತ್ತಲೂ ಇರಬಹುದಲ್ಲ? ಹಾಗೇ ಇರಲಪ್ಪಾ ಅಂತ ದಾರಿಯುದ್ದಕ್ಕೂ ಬೇಡಿಕೊಂಡಳು.

ಸೇತುವೆಯ ಪಕ್ಕದ ಕಬ್ಬಿಣದ ಬಾಗಿಲು ತೆಗೆದು ಏಣಿ ಇಳಿದರೆ ಮೂರನೇ ಕಂಬದ ತಲೆ. ಕೂತುಕೊಳ್ಳುವುದಕ್ಕಷ್ಟೇ ಜಾಗ. ಪಾರಿವಾಳದ ಹಿಕ್ಕೆ, ಹಳೆಯ ಗ್ರೀಸಿನ ವಾಸನೆ, ಮೇಲೆ ಗಾಡಿಗಳ ಗುಡುಗುಡು, ಕೆಳಗೆ ನೀರು. ಬೇರಿಂಗ್ ಅನ್ನುವುದು ಹೊರಗಿನಿಂದ ನೋಡಿದರೆ ಒಂದರ ಮೇಲೊಂದು ಇಟ್ಟ ಎರಡು ದಪ್ಪ ಉಕ್ಕಿನ ಹಲಗೆ. ಮೇಲಿನದು ಸೇತುವೆಗೆ ಸೇರಿದ್ದು, ಕೆಳಗಿನದು ಕಂಬಕ್ಕೆ. ನಡುವೆ ಜಾರಬೇಕು. ಪಕ್ಕದಲ್ಲಿ ಕಿತ್ತುಹೋದ ಸೆನ್ಸರ್ ಒಂದೇ ವೈರಿನಲ್ಲಿ ಜೋತಾಡುತ್ತಿತ್ತು. ಅದರ ಮೇಲೆ ಜೇಡ ಬಲೆ ಕಟ್ಟಿತ್ತು.

ಯಾಕಮ್ಮ ಟಾರ್ಚು ಹಿಡಿದು ಎರಡು ಹಲಗೆಯ ನಡುವೆ ನೋಡಿದಳು. ತುಕ್ಕು ಉಬ್ಬಿ, ಒಣಗಿದ ಬಣ್ಣದ ಹೆಪ್ಪು ಸೇರಿ ಗಟ್ಟಿಯಾಗಿತ್ತು. ನೋಡಿದರೆ ಸಾಲದು, ಖಾತ್ರಿಯಾಗಬೇಕು. ಚಾಕ್‌ಪೀಸಿನಲ್ಲಿ ಮೇಲಿನ ಹಲಗೆಯಿಂದ ಕೆಳಗಿನ ಹಲಗೆಯ ತನಕ ನೆಟ್ಟಗೆ ಒಂದು ಗೆರೆ ಎಳೆದಳು. ಇನ್ನೂ ಬೆಳಗಿನ ತಂಪಿತ್ತು. ಬಿಸಿಲೇರಿ ಸೇತುವೆ ಹಿಗ್ಗಿದರೆ ಮೇಲಿನ ಅರ್ಧ ಗೆರೆ ಕೆಳಗಿನ ಅರ್ಧದಿಂದ ದೂರ ಸರಿಯಬೇಕು. ಸರಿದರೆ ಸೇತುವೆ ಬಚಾವ್, ಇವಳೂ ಬಚಾವ್.

ಕಾದಳು. ಬಿಸಿಲು ಏರಿತು. ಬೆವರು ಇಳಿಯಿತು. ಆಯ್ತಪ್ಪ ನೀರಿನ ಬಾಟಲಿ ಮುಂದೆ ಹಿಡಿದ. ಗೆರೆ ಇದ್ದ ಹಾಗೇ ಇತ್ತು.

ಅಷ್ಟರಲ್ಲಿ ಮೇಲೆ ಒಂದು ಬಸ್ಸು ಬಂತು. ಎರಡನೇ ಗೇರಿನ ಆ ನಡುಕ ಅವಳಿಗೆ ಕಣ್ಣು ಕಟ್ಟಿ ಬಿಟ್ಟರೂ ಗೊತ್ತಾಗುತ್ತೆ. ಗಂಡನ ಬಸ್ಸು. ತಲೆಯ ಮೇಲಿನ ಕಾಂಕ್ರೀಟು ದಡದಡ ಅಂದಿತು, ಬೆನ್ನಿಗೊತ್ತಿದ್ದ ಕಂಬ ಒಂದು ಸಲ ಅದುರಿತು. ಶುಕ್ರವಾರ ಅಂತ ಆಗ ನೆನಪಾಯಿತು. ಶುಕ್ರವಾರ ಅತ್ತೆ ಮಂಡಿ ತೋರಿಸೋಕೆ ಹೊಳೆಯಾಚೆಯ ಆಸ್ಪತ್ರೆಗೆ ಹೋಗುತ್ತಾಳೆ, ಮಗನ ಬಸ್ಸಿನಲ್ಲೇ, ಮುಂದಿನ ಸೀಟಿನಲ್ಲಿ. ಬಸ್ಸಿನ ಸದ್ದು ಆಚೆ ದಡ ಸೇರುವ ತನಕ ಯಾಕಮ್ಮ ಉಸಿರು ಬಿಡದೆ ಕೂತಳು.

ನೆತ್ತಿಯ ಮೇಲಿನ ಬಿಸಿಲು ಇಳಿಯತೊಡಗಿದರೂ ಚಾಕಿನ ಗೆರೆ ಕೂದಲಷ್ಟೂ ಸರಿಯಲಿಲ್ಲ. ಬೇರಿಂಗ್ ಕಚ್ಚಿಕೊಂಡಿತ್ತು. ಸೇತುವೆ ದಿನಾ ಹಿಗ್ಗಿ ಹಿಗ್ಗಿ ಜಾರಲು ದಾರಿಯಿಲ್ಲದೆ ಕಂಬವನ್ನೇ ನೂಕುತ್ತಿತ್ತು.

ಸಾಹೇಬರಿಗೆ ಫೋನ್ ಮಾಡಿದಳು. "ಸರ್, ಮೂರನೇ ಕಂಬದ ಬೇರಿಂಗ್ ಕಚ್ಕೊಂಡಿದೆ. ಜಾರ್ತಾನೇ ಇಲ್ಲ. ಸೇತುವೆ ಮುಚ್ಚಬೇಕು."

"ಏನ್ರೀ ಹಾಗಂದ್ರೆ? ಗ್ರಾಫ್ ನನ್ನ ಕಣ್ಮುಂದೇನೇ ಇದೆಯಲ್ರೀ. ಎಷ್ಟು ಸೊಗಸಾಗಿ ಜಾರ್ತಾ ಇದೆ!"

"ಅದು ಸೇತುವೆ ಅಲ್ಲ ಸರ್. ನಾನು."

"ಏನು?"

"ಆ ಗೆರೆ ನನ್ನ ಪ್ರೋಗ್ರಾಮು ಬರೀತಿರೋದು ಸರ್. ಸೆನ್ಸರ್ ಕಿತ್ತುಹೋಗಿ ತಿಂಗಳುಗಟ್ಟಲೆ ಆಯ್ತು. ಬಿಸಿಲು ನೋಡಿ ನಾನು ಊಹೆ ಮಾಡಿದ್ದು, ಅದನ್ನೇ ನಾವೆಲ್ಲ ನೋಡ್ತಿದ್ದೀವಿ."

ಸಾಹೇಬರು ದನಿ ತಗ್ಗಿಸಿ, "ನೋಡಿ, ಸೋಮವಾರ ಲಾರಿ ಬಿಡ್ತೀವಿ ಅಂತ ಊರಿಗೆಲ್ಲಾ ಹೇಳಿ ಆಗಿದೆ. ಈಗ ಇದ್ದಕ್ಕಿದ್ದ ಹಾಗೆ ಮುಚ್ಚಿದ್ರೆ ನಮ್ಮನ್ನ ಹುರಿದು ಮುಕ್ತಾರೆ. ನಾಳೆ ಒಂದು ತಂಡ ಕಳಿಸ್ತೀನಿ, ಸದ್ದಿಲ್ಲದೆ ನೋಡ್ಕೊಂಡು ಬರ್ಲಿ. ಅಲ್ಲೀತನಕ ಯಾವುದನ್ನೂ ಮುಟ್ಬೇಡಿ. ತಿಳೀತಾ?" ಅಂದರು. ಫೋನ್ ಇಟ್ಟರು.

ಸಾಹೇಬರು ಕೆಟ್ಟವರಲ್ಲ. ಹೆದರಿದ್ದರು. ಇವಳೂ ಹೆದರಿದ್ದಳು. ತೇಪೆ ತೆಗೆದರೆ ಎಲ್ಲರಿಗೂ ಗೊತ್ತಾಗುತ್ತೆ, ಇಷ್ಟು ತಿಂಗಳು ತಾನು ಸಹಿ ಹಾಕಿದ ವರದಿಯೆಲ್ಲ ಬರೀ ಊಹೆ ಅಂತ. ಇಷ್ಟು ವರ್ಷ ದುಡಿದು ಗಳಿಸಿದ ಹೆಸರು ಮಣ್ಣುಪಾಲು. ಕೆಲಸವೇ ಹೋದರೂ ಹೋಯಿತು. ಬೆಳಿಗ್ಗೆ ಆಚೆ ಹೋದ ಅತ್ತೆಯನ್ನು ಕೂರಿಸಿಕೊಂಡು ಗಂಡನ ಬಸ್ಸು ಇನ್ನೇನು ಈಚೆ ಬರುವ ಹೊತ್ತು. ಅವಳು ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟು ತೆರೆದಳು.

"ಮೇಡಂ, ಸಾಹೇಬರು ಮುಟ್ಬೇಡಿ ಅಂದ್ರು" ಅಂದ ಆಯ್ತಪ್ಪ.

"ಸೇತುವೆ ಮುಟ್ಟಲ್ಲಪ್ಪಾ. ನಾನು ಬರೆದಿದ್ದನ್ನ ನಾನು ಅಳಿಸ್ತೀನಿ."

ಅವನು ಮೊದಲ ಸಲ ಆಯ್ತು ಅನ್ನಲಿಲ್ಲ. ಪಕ್ಕಕ್ಕೆ ಬಂದು, ಪರದೆಯ ಮೇಲೆ ಬಿಸಿಲು ಬೀಳದ ಹಾಗೆ ತನ್ನ ಅಂಗಿಯ ಅಂಚನ್ನು ಅಗಲವಾಗಿ ಹಿಡಿದು ಕೂತ. ಅವಳು ತೇಪೆ ತೆಗೆದಳು. ಚಂದದ ಗೆರೆ ಅರ್ಧಕ್ಕೇ ತುಂಡಾಯಿತು. ಮುಂದೆ ಬಿಳಿ. ಸ್ವಲ್ಪ ಹೊತ್ತಿಗೆ ಮೇಲೆ ಗಾಡಿಗಳ ಗುಡುಗುಡು ಕಮ್ಮಿಯಾಗುತ್ತಾ ಬಂದು ನಿಂತೇಹೋಯಿತು. ದೂರದಲ್ಲಿ ಹಾರನ್ನುಗಳು ಶುರುವಾದವು.

ಫೋನ್ ಬಂತು. ಗಂಡ.

"ಏನೇ ಇದು? ಕೆಂಪು ದೀಪದ ಮುಂದೆ ಮೊದಲ್ನೇ ಗಾಡಿ ನಂದೇ. ಬಸ್ಸು ತುಂಬಿದೆ. ಯಾವಾಗ ಬಿಡ್ತೀರಿ?"

"ಬಿಡಲ್ಲ ರೀ. ಸುತ್ಕೊಂಡು ಹೋಗಿ."

"ಸುತ್ಕೊಂಡಾ? ಅಂಥದ್ದೇನಾಗಿದೆ?"

"ಗೊತ್ತಿಲ್ಲ."

"ಗೊತ್ತಿಲ್ದೇ ನಿಲ್ಸಿದೀಯಾ?"

"ಗೊತ್ತಿಲ್ಲ ಅಂತಾನೇ ನಿಲ್ಸಿದೀನಿ."

ಹಿಂದಿನಿಂದ ಅತ್ತೆಯ ದನಿ ಕೇಳಿಸಿತು: "ಯಾರೋ ಅದು? ನಮ್ಮವಳೇನೋ? ನನ್ನ ಮಾತ್ರೆ ಹೊತ್ತು ಮೀರ್ತಿದೆ ಅಂತ ಹೇಳೋ!" ಯಾಕಮ್ಮ ಫೋನ್ ಇಟ್ಟಳು.

ಮುಚ್ಚಿದ ಮೇಲೆ ತಂಡ ನಾಳೆ ತನಕ ಕಾಯಲಿಲ್ಲ, ಆವತ್ತೇ ದೋಣಿ ತಂದರು. ಸಾಹೇಬರೂ ಬಂದರು, ಮುಖ ಕೆಂಡವಾಗಿತ್ತು. ದೋಣಿಯಲ್ಲಿ ಮೂರನೇ ಕಂಬದ ಬುಡಕ್ಕೆ ಹೋದಾಗ ಎಲ್ಲರ ಕಣ್ಣಿಗೂ ಬಿತ್ತು. ನೀರಿಗಿಂತ ಸ್ವಲ್ಪ ಮೇಲೆ, ದಡದ ಕಡೆಯ ಮೈಯಲ್ಲಿ, ಎರಡನೇ ಕಂಬ ಮರೆಮಾಡಿ ಆಫೀಸಿನ ಕಿಟಕಿಯಿಂದ ಕಾಣದ ಜಾಗದಲ್ಲಿ, ಅರ್ಧ ಕಂಬ ಸುತ್ತಿದ ಬಿರುಕು. ಯಾಕಮ್ಮ ಅದರೊಳಗೆ ಉಗುರು ಇಟ್ಟು ನೋಡಿದಳು. ಉಗುರು ಪೂರ್ತಿ ಒಳಗೆ ಹೋಯಿತು. ಅಂಚು ಹೊಸದಾಗಿತ್ತು, ಇನ್ನೂ ಬಿಳಿ.

ಬೈಯಲು ಬಂದಿದ್ದ ಸಾಹೇಬರು ದೋಣಿಯ ಅಂಚು ಹಿಡಿದುಕೊಂಡು ಕೂತುಬಿಟ್ಟರು. "ಸೋಮವಾರ ಲಾರಿ ಹತ್ತಿದ್ದಿದ್ರೆ..." ಅಂದರು. ದಡಕ್ಕೆ ಬಂದ ಮೇಲೆ ಇವಳ ಮುಖ ನೋಡದೆ, "ನಾಳೆಯಿಂದ ಆ ಪರದೆ ಮುಂದೆ ನೀವು ಕೂರೋದು ಬೇಡ. ವಿಚಾರಣೆ ಆಗುತ್ತೆ. ನನ್ನದೂ ಆಗುತ್ತೆ" ಅಂದರು. ಅವಳು "ಸರಿ ಸರ್" ಅಂದಳು. ಅದರಲ್ಲಿ ಅವಳಿಗೆ ಅನ್ಯಾಯವೇನೂ ಕಾಣಲಿಲ್ಲ.

ಸಂಜೆ ಮನೆಗೆ ಬಂದಾಗ ಗಂಡ ಇನ್ನೂ ಸಮವಸ್ತ್ರ ಬಿಚ್ಚಿರಲಿಲ್ಲ. ಊರೆಲ್ಲಾ ಸುತ್ತಿ ಸುಸ್ತಾಗಿ ಊಟಕ್ಕೆ ಕೂತಿದ್ದ. ಅತ್ತೆ ಒಳಗೆ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಯಾಕಮ್ಮ ಎದುರಿಗೆ ಕೂತು ಎಲ್ಲಾ ಹೇಳಿದಳು. ತೇಪೆ, ಪೆಟ್ಟಿಗೆ, ಚಾಕಿನ ಗೆರೆ, ಬಿರುಕು, ಯಾವುದನ್ನೂ ಬಿಡಲಿಲ್ಲ. ತಲೆಯ ಮೇಲೆ ಬಸ್ಸು ಹೋಗಿದ್ದನ್ನೂ ಹೇಳಿದಳು.

ಅವನು ತಟ್ಟೆ ಪಕ್ಕಕ್ಕೆ ಸರಿಸಿದ. ಅವನಿಗೆ ಸಿಟ್ಟು ಬರುವುದು ಕಮ್ಮಿ. ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ.

"ದಿನಾ ಎಷ್ಟು ಸಲ ದಾಟ್ತೀನಿ ಗೊತ್ತಾ ನಾನು?"

"ಗೊತ್ತು ರೀ."

"ಎಷ್ಟು ಜನರನ್ನ ಕೂರಿಸ್ಕೊಂಡು? ಅಮ್ಮನ್ನ ಕೂರಿಸ್ಕೊಂಡು?"

ಅವಳು ಲೋಟಕ್ಕೆ ನೀರು ಬಗ್ಗಿಸಿದಳು. ಅವನು ಮುಟ್ಟಲಿಲ್ಲ.

"ಕಂಡಕಂಡದ್ದಕ್ಕೆಲ್ಲ ಪ್ರಶ್ನೆ ಕೇಳ್ತೀಯ. ಬಸ್ಸು ಸ್ವಲ್ಪ ಅಲ್ಲಾಡಿದ್ರೆ ಕೇಳ್ತೀಯ, ಕುಕ್ಕರ್ ಸೀಟಿ ತಡ ಆದ್ರೆ ಕೇಳ್ತೀಯ. ಇದೊಂದನ್ನ ಇಷ್ಟು ತಿಂಗಳು ಯಾಕೆ ಕೇಳ್ಲಿಲ್ಲ?"

ಇಡೀ ದಿನ ಅವಳು ಹುಡುಕಿದ ಉತ್ತರಗಳಲ್ಲಿ ಇದೊಂದೇ ಅವಳಿಗೆ ಹುಡುಕದೆಯೂ ಗೊತ್ತಿತ್ತು.

"ಚೆನ್ನಾಗಿತ್ತು ರೀ" ಅಂದಳು ಕೊನೆಗೆ. "ಎಲ್ಲಾ ಗೆರೆಗಿಂತ ಅದೇ ಚೆನ್ನಾಗಿತ್ತು. ಬೆಳಿಗ್ಗೆ ಹೋಗಿ ಮೊದಲು ಅದನ್ನ ನೋಡ್ತಿದ್ದೆ. ಖುಷಿ ಆಗ್ತಿತ್ತು."

ಒಳಗೆ ಅತ್ತೆಯ ಕೈಬಳೆ ಸದ್ದು ನಿಂತಿತ್ತು. ಕೇಳಿಸಿಕೊಳ್ಳುತ್ತಿದ್ದಳು.

"ಈಗ ಆ ಗೆರೆ ಇದ್ದ ಜಾಗದಲ್ಲಿ ಏನಿದೆ?" ಅಂತ ಕೇಳಿದ.

"ಏನೂ ಇಲ್ಲ. ಖಾಲಿ."

"ಖಾಲಿ ಬಿಟ್ಟಿದ್ರೆ ನಾನು ಅವತ್ತೇ ಬ್ರೇಕ್ ಹಾಕ್ತಿದ್ದೆ ಕಣೇ, ಇವತ್ತು ಹಾಕಿದ ಹಾಗೆ. ಬೈಕೊಂಡೇ ಹಾಕ್ತಿದ್ದೆ, ಆದ್ರೆ ಹಾಕ್ತಿದ್ದೆ. ನೀನು ತುಂಬಿಸಿಟ್ಟೆ. ಹಸಿರು ತೋರ್ಸಿದ್ಮೇಲೆ ನಾನು ಯಾಕೆ ನಿಲ್ಸ್ಲಿ?"

ಯಾಕಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಮನೆಯಲ್ಲಿ ಯಾರೂ ಅವಳಿಗೆ ಸುಮ್ಮನಿರು ಅನ್ನಲಿಲ್ಲ.